ಶುಕ್ರವಾರದ ಕಾಲು

ಹೆಬ್ಬೆರಳು ಒತ್ತಿ ಹಿಡಿಯುತ್ತೇನೆ ಮೊಣಕಾಲ ಕೆಳಗೆ,
ಎಲುಬಿನ ಮೇಲೆ. ಐದು ಎಣಿಸಿ ತೆಗೆಯುತ್ತೇನೆ.
ಕುಳಿ ಅಲ್ಲೇ ಉಳಿಯುತ್ತದೆ.
"ಏನು ಹುಡುಕುತ್ತೀ, ನಿನ್ಫಾ? ಬಾವಿ ತೋಡುತ್ತೀಯಾ?"
ಬಲ್ದಸ್ಸಾರೆಗೆ ಎಂಬತ್ತಮೂರು.

ತ್ರಾಪಾನಿಯ ಉಪ್ಪಿನಾಗರಗಳಲ್ಲಿ
ನಲವತ್ತೊಂದು ಬೇಸಿಗೆ ಬುಟ್ಟಿ ಹೊತ್ತ ಕಾಲು.
ಬರಿಗಾಲು. ಬಿರುಕಿಗೆ ಉಪ್ಪುನೀರು ಇಳಿದು
ಉರಿದರೂ ಊದದ ಕಾಲು.
"ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ಬಿಡುವಾಗ
ತೂಬು ಯಾವಾಗ ಮುಚ್ಚಬೇಕೆಂದು
ನನ್ನ ಮೂಗಿಗೇ ಗೊತ್ತಾಗುತ್ತಿತ್ತು," ಎನ್ನುತ್ತಾನೆ.
ಈಗ ಸಾಕ್ಸಿನ ಬಾಯಿ ಕಚ್ಚಿದ ಗುರುತು
ಮಧ್ಯಾಹ್ನವಾದರೂ ಅಳಿಯುವುದಿಲ್ಲ.
ಮಗಳ ಮದುವೆಗೆ ಕೊಂಡ ಕಂದು ಬೂಟು
ಮಂಚದಡಿ ಬಾಯ್ತೆರೆದು ಕಾಯುತ್ತದೆ;
ಹಿಮ್ಮಡಿ ತುಳಿದು ಚಪ್ಪಲಿಯಾಗಿಸಿದ ಹಳೇ ಜೋಡೊಂದೇ
ಒಪ್ಪುತ್ತದೆ ಅವನನ್ನು.

ಗುಂಡಿಗೆ ದಣಿದಿದೆ ಎಂದಿದ್ದರು ದೊಡ್ಡಾಸ್ಪತ್ರೆಯಲ್ಲಿ,
ತಳ್ಳಬೇಕಾದ್ದನ್ನು ತಳ್ಳಲಾರದೆ
ನೀರನ್ನು ಕೆಳಗೇ ಬಿಟ್ಟುಬಿಡುತ್ತದೆ.
ರಾತ್ರಿ ಮೂರು ದಿಂಬು. ಮೂರೂ ಸಾಲದೆ ಕುರ್ಚಿ.
ಬೆಳಗ್ಗೆ ಕಕ್ಕಸಿಗೆ ಹೋಗಿಬಂದು, ತಿಂಡಿಗೆ ಮೊದಲು, ತೂಕ.
ಕ್ಯಾಲೆಂಡರಿನಲ್ಲಿ ಆಯಾ ದಿನದ ಸಂತರ ಹೆಸರಿನ ಪಕ್ಕ
ಕ್ರೊಚಿಫಿಸ್ಸಾ ಪೆನ್ಸಿಲಿನಿಂದ ಬರೆಯುತ್ತಾಳೆ:
ಎಪ್ಪತ್ತೊಂದು. ಎಪ್ಪತ್ತೊಂದು. ಎಪ್ಪತ್ತೊಂದೂವರೆ.
ಶುಕ್ರವಾರ ಮಾತ್ರ ಎಪ್ಪತ್ತಮೂರು.

ಪ್ರತಿ ಶುಕ್ರವಾರ.

ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಕುಡಿದ ನೀರು ಎಲ್ಲಿಗೆ ಹೋಗಬೇಕೆಂದು
ಗಾದೆ ಹೇಳುವುದಿಲ್ಲ.
ಅಡುಗೆಮನೆಗೆ ನುಗ್ಗಿದೆ ನಾನು.
ಕೇಪರ್ ಮೊಗ್ಗಿನ ಭರಣಿ ಮೂಸಿದೆ, ಉಪ್ಪುಮೀನಿನ ಡಬ್ಬಿ ಹುಡುಕಿದೆ,
ಚೀಸಿನ ಚೂರು ನಾಲಿಗೆಗಿಟ್ಟೆ,
ಗುರುವಾರ ಏನು ಬಡಿಸಿದಿರಿ ಎಂದು
ಪೊಲೀಸರ ಹಾಗೆ ಕೇಳಿದೆ.
ಆಕೆ ಮಾತಾಡಲಿಲ್ಲ. ಉಪ್ಪಿಲ್ಲದ ಸಾರು
ಸೌಟಿನಲ್ಲೆತ್ತಿ ನನ್ನ ಬಾಯಿಗೇ ಹಿಡಿದಳು.
ಮೂರು ವರ್ಷದಿಂದ ತಾನೂ ಅದನ್ನೇ ಉಣ್ಣುತ್ತಿದ್ದಾಳೆ,
ಕಿಟಕಿಯಾಚೆ ಹೆಂಚು ಹೊದ್ದ ಉಪ್ಪಿನ ರಾಶಿ
ಗುಡ್ಡ ಗುಡ್ಡವಾಗಿ ಬಿದ್ದಿರುವಾಗ.

ನಾಚಿಕೆಯಾಯಿತು. ಆದರೂ ನಿಜ ಹೇಳಬೇಕೆಂದರೆ
ಆ ಸಾರು ನುಂಗಲಾಗಲಿಲ್ಲ.

ಕೊನೆಗೆ ಬಾಯಿಬಿಟ್ಟದ್ದು ಕಂದು ಬೂಟು.
ಊತ ಎಷ್ಟಿಳಿದರೆ ಹಿಡಿಸೀತೆಂದು ಎತ್ತಿ ಕೊಡವಿದರೆ
ಉದುರಿದವು ಬಿಳಿ ಗುಳಿಗೆ, ನೀರಿಳಿಸುವ ಗುಳಿಗೆ,
ಒಂಬತ್ತು.
ಒಂಬತ್ತು ಗುರುವಾರ.

"ಗುರುವಾರ ಗಾಸ್ಪಾರೆ ಗಾಡಿ ತರುತ್ತಾನೆ," ಎಂದ, ಗೋಡೆಗೆ.
"ಗಾಳಿಗಿರಣಿಯ ಹತ್ತಿರ ಬೆಂಚಿದೆ. ಮೂರು ತಾಸು ಕೂರುತ್ತೇವೆ.
ಯಾರು ಯಾರು ಸತ್ತರೆಂದು ಲೆಕ್ಕ ಹಾಕುತ್ತೇವೆ.
ಅಲ್ಲಿ ಕಕ್ಕಸಿಲ್ಲ.
ಬೆಳಗ್ಗೆ ಗುಳಿಗೆ ನುಂಗಿದರೆ ಕಾಲು ಗಂಟೆಗೊಮ್ಮೆ ಏಳಬೇಕು.
ಹೋದ ಚಳಿಗಾಲ ಒಮ್ಮೆ ತಡೆಯಲಾಗಲಿಲ್ಲ.
ಗಾಸ್ಪಾರೆ ತನ್ನ ಕೋಟು ಬಿಚ್ಚಿ ನನ್ನ ತೊಡೆಗೆ ಹೊದಿಸಿ
ಫ್ಲೆಮಿಂಗೊ ನೋಡುವವನ ಹಾಗೆ
ಆಚೆ ತಿರುಗಿ ಕೂತ.
ಅವನ ಪಕ್ಕ ಬುಟ್ಟಿ ಹೊತ್ತವನು ನಾನು."

ನನ್ನ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ಗುರುವಾರ ಮಾತ್ರ
ಮನೆಗೆ ಬಂದ ಮೇಲೆ, ಸಂಜೆ ನಾಲ್ಕಕ್ಕೆ ಆಗಬಹುದೇ?
"ನಾಲ್ಕಕ್ಕಾದರೂ ಆಗಲಿ, ಹೊಟ್ಟೆಗೆ ಹೋಗಲಿ,
ಬೂಟಿಗೆ ಬೇಡ," ಎಂದರು.
ಕ್ರೊಚಿಫಿಸ್ಸಾ ಅದನ್ನೂ ಪೆನ್ಸಿಲಿನಿಂದಲೇ ಬರೆದಳು,
ನನ್ನ ಕಡೆ ನೋಡದೆ.

ಮುಂದಿನ ಶುಕ್ರವಾರ ಎಪ್ಪತ್ತೊಂದೂಮುಕ್ಕಾಲು.
ಗುಂಡಿಗೆ ಹಳೆಯದೇ. ಬೂಟು ಇನ್ನೂ ಹಿಡಿಸಿಲ್ಲ,
ಹಿಡಿಸುವುದೂ ಇಲ್ಲವೇನೋ.
ಹೆಬ್ಬೆರಳು ಒತ್ತಿ ತೆಗೆದೆ.
ಈ ಸಲ ಎಣಿಸಿದವನು ಅವನು, ಬುಟ್ಟಿ ಎಣಿಸುವ ಎಳೆತದಲ್ಲಿ,
ತಲೆ ಬಗ್ಗಿಸಿ, ತನ್ನದೇ ಕಾಲನ್ನು
ಪರರ ಮಡಿಯ ಹಾಗೆ ನೋಡುತ್ತ.
ಆಗರದ ಕೆಸರಲ್ಲಿ ಮುಂದೆ ಹೋದವರ ಹೆಜ್ಜೆ
ಹಿಂದಿನಿಂದ ತುಂಬಿಕೊಳ್ಳುವ ಹಾಗೆ
ಕುಳಿ ನಿಧಾನಕ್ಕೆ ತುಂಬಿತು.

"ಎಂಟು," ಎಂದ.
"ಹೋದ ವಾರ ಹದಿನಾರಿತ್ತು."